ತೋಟೆ ಒಳಗೆ ಹೋಯಿತು ಅಂದರೆ ಹೊಂದಿತು ಅಂತಲ್ಲ: ಕೋವಿ ಇರುವ ಮನೆಯವರಿಗೆ ಒಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟದ ಮನೆಗಳಲ್ಲಿ ಕೋವಿ ಹೊಸ ವಿಷಯವಲ್ಲ. ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದಲ್ಲಿ ತಂದಿದ್ದು, ಆಮೇಲೆ ಅಪ್ಪನ ಹೆಸರಿಗೆ, ಈಗ ಮಗನ ಹೆಸರಿಗೆ ಬಂದಿರುತ್ತದೆ. ಕೋವಿಯ ಜೊತೆ ಲೈಸೆನ್ಸ್ ಪುಸ್ತಕವೂ ಕೈ ಬದಲಾಗುತ್ತದೆ. ಆದರೆ ಈ ಕೋವಿಗೆ ಯಾವ ತೋಟೆ (ಕಾರ್ಟ್ರಿಜ್) ಹಾಕಬೇಕು ಅನ್ನುವ ತಿಳಿವಳಿಕೆ ಎಷ್ಟೋ ಸಲ ಅಜ್ಜನ ಜೊತೆಗೇ ಹೋಗಿಬಿಟ್ಟಿರುತ್ತದೆ. ಅಂಗಡಿಗೆ ಹೋಗಿ "ಹನ್ನೆರಡು ಬೋರಿನ ತೋಟೆ ಕೊಡಿ" ಅನ್ನುತ್ತೇವೆ. ಕೊಟ್ಟಿದ್ದನ್ನು ತರುತ್ತೇವೆ. ನಳಿಗೆಯೊಳಗೆ ಸಲೀಸಾಗಿ ಕೂತರೆ ಸರಿಯಾಯಿತು ಅಂದುಕೊಳ್ಳುತ್ತೇವೆ.

ಹಳೆಯ ಕೋವಿಗೆ ಅಪಾಯ ಇರುವುದು ಇಲ್ಲೇ. ತಪ್ಪು ತೋಟೆಯೂ ಸಲೀಸಾಗಿಯೇ ಕೂರುತ್ತದೆ.

ಈ ಬರಹ ಲೈಸೆನ್ಸ್ ಇರುವ, ಹಿಂದಿನಿಂದ ತೋಟೆ ಹಾಕುವ ಕೋವಿಯವರಿಗೆ. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯವರಿಗೆ ತೋಟೆಯ ತಲೆಬಿಸಿ ಇಲ್ಲ, ಅವರು ಬೇಕಿದ್ದರೆ ಮಳೆಗಾಲದ ಭಾಗವನ್ನಷ್ಟೇ ಓದಿಕೊಳ್ಳಬಹುದು.

ಮೊದಲು ಕೋವಿ ಖಾಲಿ ಇದೆಯಾ ನೋಡಿ

ನಿನ್ನೆ ನೀವೇ ಖಾಲಿ ಮಾಡಿ ಇಟ್ಟಿದ್ದರೂ ಇವತ್ತು ಮತ್ತೆ ನೋಡಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು. ಬೆರಳು ಟ್ರಿಗರ್‌ನಿಂದ ದೂರ ಇರಲಿ. ಕೋವಿ ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ಎರಡೂ ನಳಿಗೆಗಳಲ್ಲಿ ಬೆಳಕು ಆಚೆ ಈಚೆ ಕಾಣುತ್ತದಾ ನೋಡಿ. ಕಣಜದ ಹುಳ ಮಣ್ಣಿನ ಗೂಡು ಕಟ್ಟುವುದಕ್ಕೆ ಕೋವಿಯ ನಳಿಗೆಗಿಂತ ಒಳ್ಳೆಯ ಜಾಗ ಅದಕ್ಕೆ ಸಿಗುವುದಿಲ್ಲ. ಚಿಟಿಕೆ ಮಣ್ಣು ಅಡ್ಡ ಇದ್ದರೂ ಈಡು ಹಾರಿಸಿದಾಗ ನಳಿಗೆ ಉಬ್ಬಬಹುದು, ಸೀಳಲೂಬಹುದು. ಕಾಡಿನಲ್ಲಿ ಓಡಾಡುವಾಗ ಬಾಯಿ ಕೆಸರಿಗೆ ತಾಗಿದ್ದರೂ ಇದೇ ಕತೆ.

ಲೈಸೆನ್ಸ್ ಪುಸ್ತಕದಲ್ಲಿ ಏನಿದೆ?

ಕೋವಿಯ ಬೋರು, ನಂಬರು, ಒಂದು ಸಲಕ್ಕೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಲ್ಲ ಅದರಲ್ಲಿ ಇರುತ್ತದೆ. ಅಂಗಡಿಯವರು ಪ್ರತಿ ಸಲ ಕೊಟ್ಟಿದ್ದನ್ನು ಬರೆದುಕೊಡಬೇಕು. ಪುಸ್ತಕದ ನಂಬರೂ ಕೋವಿಯ ಮೇಲೆ ಕೊರೆದ ನಂಬರೂ ಒಂದೇ ಇದೆಯಾ ಅಂತ ಒಮ್ಮೆ ತಾಳೆ ನೋಡಿ. ಹಳೆ ಪುಸ್ತಕದಿಂದ ಹೊಸದಕ್ಕೆ ಬರೆಯುವಾಗ ಒಂದು ಅಂಕಿ ಆಚೆ ಈಚೆ ಆದರೆ ಗೊತ್ತಾಗುವುದು ನವೀಕರಣಕ್ಕೆ ಕಾರವಾರಕ್ಕೆ ಓಡಾಡುವಾಗಲೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಅಂತ ಮೊದಲು ಹೇಳಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿ ಕೊಡಬಹುದು. ನಮ್ಮಲ್ಲಿ ತೋಟೆ ಕೋವಿ ಇರುವ ಎಷ್ಟೋ ಮನೆಗಳಿಗೆ ಅದು ಬಂದಿರುವುದು ಈ ದಾರಿಯಲ್ಲಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷವಾಗಿದೆ. ಒಬ್ಬರ ಹೆಸರಲ್ಲಿ ಮೂರು ಇರಬಹುದಾಗಿದ್ದ ಕೋವಿ ಎರಡಕ್ಕೆ ಇಳಿದಿದೆ. ಇನ್ನೊಂದು ಮಾತು: ಈ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಕ್ಕೆ ಬಂದ ಪ್ರಾಣಿಯನ್ನು ಹೊಡೆಯಲು ಅದೇ ಅನುಮತಿ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ, ಅರಣ್ಯ ಇಲಾಖೆಯವರನ್ನೇ ಕೇಳಬೇಕು.

ನಳಿಗೆಯ ಅಡಿ ಓದಿ

ನಳಿಗೆಯನ್ನು ಬಿಚ್ಚಿ ಮಗುಚಿ ಹಾಕಿ. ತೋಟೆ ಕೂರುವ ಚೇಂಬರ್‌ನ ಕೆಳಗೆ, ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಹಳೆ ಎಣ್ಣೆಯ ಜಿಡ್ಡು ಕೂತು ಕಪ್ಪಾಗಿರುತ್ತದೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಏಳುತ್ತದೆ. ಮರಳು ಕಾಗದ ಹಾಕಿ ತಿಕ್ಕಬೇಡಿ. ಮುದ್ರೆ ಅಳಿಸಿದರೆ ಕೋವಿಯ ಜಾತಕವೇ ಹೋದಂತೆ.

ಹಳೆ ಮನೆಗಳಲ್ಲಿ ವೆಬ್ಲಿ ಸ್ಕಾಟ್, ಗ್ರೀನರ್ ತರಹದ ಇಂಗ್ಲೆಂಡಿನ ಕೋವಿಗಳು ಸಿಗುತ್ತವೆ. ಮುಂಗೇರ್, ಜಮ್ಮುವಿನಲ್ಲಿ ತಯಾರಾದವೂ ಇವೆ, ಸರ್ಕಾರಿ ಇಶಾಪುರ ಕಾರ್ಖಾನೆಯವೂ ಇವೆ. ಇಂಗ್ಲೆಂಡಿನದಾದರೆ ಮುದ್ರೆ ಓದುವುದು ಸುಲಭ. ವಜ್ರದಾಕಾರದ ಗೆರೆಯೊಳಗೆ 12 ಮತ್ತು ಇಂಗ್ಲಿಷಿನ 'ಸಿ' ಇದ್ದರೆ ಹನ್ನೆರಡು ಬೋರು, ಮಾಮೂಲಿ ಚೇಂಬರ್ ಅಂತ. 1925ರ ನಂತರದ ಕೋವಿಯಾದರೆ ಚೇಂಬರ್ ಉದ್ದವನ್ನೇ ಕೊರೆದಿರುತ್ತಾರೆ, 2½ ಇಂಚು ಅಥವಾ 2¾ ಇಂಚು ಅಂತ. 1954ರ ನಂತರದ್ದಾದರೆ ಪಕ್ಕದಲ್ಲಿ 3 ಟನ್, 3¼ ಟನ್ ಅಂತ ಒತ್ತಡದ ಲೆಕ್ಕವೂ ಇರುತ್ತದೆ. ಅದಕ್ಕಿಂತ ಹಳೆಯದರಲ್ಲಿ 'ನೈಟ್ರೋ ಪ್ರೂಫ್' (ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ್ದು) ಅಂತಲೂ, ಪಕ್ಕದಲ್ಲಿ 1⅛ ಔನ್ಸ್ ಅಂತಲೂ ಇರಬಹುದು. ಅದು ಚರೆಯ, ಅಂದರೆ ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳ ತೂಕ, ಸುಮಾರು 32 ಗ್ರಾಂ. ಅದಕ್ಕಿಂತ ಭಾರದ ತೋಟೆ ಆ ಕೋವಿಗೆ ಬೇಡ.

'ನೈಟ್ರೋ' ಅನ್ನುವ ಪದವೇ ಇಲ್ಲದೆ, ನಳಿಗೆಯ ಮೇಲೆ ಹಾವಿನ ಪೊರೆಯ ಹಾಗೆ ಬಳುಕುವ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆ. ಅಂಥವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಪರಿಣತರು ನೋಡಿ ಹೇಳುವವರೆಗೂ ಈಗಿನ ಹೊಗೆರಹಿತ ಮದ್ದಿನ ತೋಟೆ ಅದಕ್ಕೆ ಹಾಕಬೇಡಿ. ಗೋಡೆಗೆ ಚೆನ್ನಾಗಿ ಕಾಣುತ್ತದೆ, ಅಲ್ಲೇ ಇರಲಿ.

ಬೋರು ಅಂದರೆ ಏನು ಅಂತ ಮಕ್ಕಳು ಕೇಳುತ್ತಾರೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಗುಂಡೂ ಎಷ್ಟು ದಪ್ಪವೋ ಅದು ಹನ್ನೆರಡು ಬೋರು, ಅಂದರೆ 18.5 ಮಿಲಿಮೀಟರ್. ಇಪ್ಪತ್ತು ಗುಂಡು ಮಾಡಿದರೆ ಗುಂಡು ಸಣ್ಣದಾಗುತ್ತದೆ, ಹಾಗಾಗಿ ಇಪ್ಪತ್ತು ಬೋರು 15.6 ಮಿಲಿಮೀಟರ್. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು.

65 ಮತ್ತು 70ರ ಗೊಂದಲ

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

ತೋಟೆಯ ಪೆಟ್ಟಿಗೆಯ ಮೇಲೆ 65 ಮಿಮೀ ಅಥವಾ 70 ಮಿಮೀ ಅಂತ ಬರೆದಿರುತ್ತದೆ. 65 ಅಂದರೆ 2½ ಇಂಚು, 70 ಅಂದರೆ 2¾ ಇಂಚು. ಸ್ಕೇಲ್ ತಂದು 70ರ ತೋಟೆಯನ್ನು ಅಳೆದು ನೋಡಿ. 70 ಬರುವುದಿಲ್ಲ! ಬಾಯಿಯನ್ನು ನಕ್ಷತ್ರದ ಹಾಗೆ ಮಡಚಿದ ತೋಟೆಯಾದರೆ 58ರ ಸುತ್ತಮುತ್ತ ಬರುತ್ತದೆ. ಕಾರಣ ಇಷ್ಟೇ. ಪೆಟ್ಟಿಗೆಯ ಮೇಲಿರುವುದು ಈಡು ಹಾರಿದ ನಂತರದ ಉದ್ದ. ಮಡಚಿದ ಬಾಯಿ ಬಿಚ್ಚಿಕೊಂಡು ನೆಟ್ಟಗಾದ ಮೇಲೆ ಆಗುವ ಉದ್ದ.

ಈಗ ಇದನ್ನು 65ರ ಚೇಂಬರ್‌ಗೆ ಹಾಕಿ ನೋಡುವುದಾಗಿ ಊಹಿಸಿಕೊಳ್ಳಿ. 58 ಮಿಲಿಮೀಟರಿನ ತೋಟೆ 65ರ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಕೋವಿಯೂ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಬಾಯಿ ಬಿಚ್ಚಿಕೊಳ್ಳುತ್ತದೆ, ಆದರೆ ಬಿಚ್ಚಿಕೊಂಡ ತುದಿಗೆ ಜಾಗವಿಲ್ಲ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ ಆ ತುದಿ ಸಿಕ್ಕಿಕೊಂಡು ದಾರಿಯನ್ನು ಬಿಗಿ ಮಾಡುತ್ತದೆ. ಆ ಬಿಗಿಯಾದ ದಾರಿಯಲ್ಲೇ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ), ಚರೆ ಎಲ್ಲ ನುಗ್ಗಬೇಕು. ಒತ್ತಡ ಏರುತ್ತದೆ. ಜೊತೆಗೆ ಈಗಿನ ಕೆಲವು 70ರ ತೋಟೆಗಳಲ್ಲಿ ಮದ್ದೇ ಜೋರು. ಯುರೋಪಿನ ಅಳತೆಯಲ್ಲಿ ಮಾಮೂಲಿ ಹನ್ನೆರಡು ಬೋರಿನ ತೋಟೆಗೆ ಒತ್ತಡದ ಮಿತಿ 740 ಬಾರ್, ಜೋರಿನವಕ್ಕೆ 1050 ಬಾರ್. ಅಜ್ಜನ ಕೋವಿ ಈ ಎರಡನೆಯದನ್ನು ತಡೆಯಲು ಹುಟ್ಟಿದ್ದಲ್ಲ.

"ನಾವು ಎಷ್ಟೋ ವರ್ಷದಿಂದ ಹಾಕ್ತಾ ಇದೀವಿ, ಏನೂ ಆಗಿಲ್ಲ" ಅನ್ನುವವರು ಸಿಗುತ್ತಾರೆ. ಒಂದೇ ಈಡಿಗೆ ಕೋವಿ ಸೀಳುವುದು ಅಪರೂಪ ಅನ್ನುವುದು ನಿಜವೇ. ಸಾಮಾನ್ಯವಾಗಿ ಮೊದಲು ಭುಜಕ್ಕೆ ಒದೆತ ಜಾಸ್ತಿಯಾಗುತ್ತದೆ. ಆಮೇಲೆ ನಳಿಗೆಗೂ ಹಿಂಬದಿಗೂ ನಡುವಿನ ಕೀಲು ಸಡಿಲವಾಗಿ, ಅಲ್ಲಾಡಿಸಿದರೆ ಕಟಕಟ ಅನ್ನತೊಡಗುತ್ತದೆ. ಹಳೆ ತೋಟೆ ಕೋವಿ ಹೀಗೆ ಸಡಿಲವಾಗಿದ್ದರೆ ಬಹುಶಃ ಯಾರೋ ವರ್ಷಾನುಗಟ್ಟಲೆ ತಪ್ಪು ತೋಟೆ ಹಾಕಿದ್ದಾರೆ ಅಂತಲೇ ನಾನು ಅಂದುಕೊಳ್ಳುತ್ತೇನೆ.

ಚೇಂಬರ್ 70 ಇದ್ದರೆ 65ನ್ನೂ ಹಾಕಬಹುದು. ಉಲ್ಟಾ ಆಗಬಾರದು. ಮುದ್ರೆ ಓದಲು ಬರಲಿಲ್ಲ, ಉದ್ದ ಕೊರೆದಿಲ್ಲ ಅಂದರೆ ಕೋವಿ ರಿಪೇರಿ ಮಾಡುವ ಲೈಸೆನ್ಸ್ ಇರುವವರ ಹತ್ತಿರ ಗೇಜ್ ಹಾಕಿಸಿ ಅಳೆಸಿ. ನಿಮಿಷದ ಕೆಲಸ. ಅದೂ ಆಗಲಿಲ್ಲ ಅಂದರೆ 65 ಅಂತಲೇ ತಿಳಿದುಕೊಳ್ಳಿ.

ಅಂಗಡಿಯಲ್ಲಿ

ಬರೀ "ಹನ್ನೆರಡು ಬೋರು" ಅನ್ನಬೇಡಿ. ಮಾತು ಹೀಗಿರಲಿ:

"ಹನ್ನೆರಡು ಬೋರು, ಅರವತ್ತೈದು ಮಿಮೀ, ನಾಲ್ಕನೇ ನಂಬರ್ ಚರೆ ಇದೆಯಾ?"

"ಅರವತ್ತೈದು ಖಾಲಿ ರಾಯರೇ, ಎಪ್ಪತ್ತು ಇದೆ. ಎಲ್ಲರೂ ಅದನ್ನೇ ಒಯ್ತಾರೆ."

"ಹಾಗಾದ್ರೆ ಬಂದಾಗ ಹೇಳಿ, ಆಗ ಬರ್ತೆ."

ಇಷ್ಟೇ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಬರಿಗೈಲಿ ಬರುವುದು ಬೇಜಾರೇ. ಆದರೆ ಬೇಜಾರಿಗೆ ಔಷಧಿ ಇದೆ, ಹೋದ ಬೆರಳಿಗೆ ಇಲ್ಲ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಅನ್ನುವ ಸರ್ಕಾರಿ ಕಂಪನಿಯ ಕೆಳಗೆ ಬಂದಿದೆ. ಹೊಸ ಪೆಟ್ಟಿಗೆಯ ಮೇಲೆ ಬೇರೆ ಹೆಸರು ಕಂಡರೆ ಗಾಬರಿ ಬೇಡ. ಉದ್ದ, ಚರೆಯ ನಂಬರು, ತಯಾರಾದ ವರ್ಷ ಈ ಮೂರನ್ನು ನೋಡಿಕೊಳ್ಳಿ.

ಚರೆಯ ನಂಬರೂ ಬೋರಿನ ಹಾಗೆ ಉಲ್ಟಾ ಲೆಕ್ಕ. ನಂಬರ್ ಹೆಚ್ಚಾದಂತೆ ಚರೆ ಸಣ್ಣ. ಬ್ರಿಟಿಷ್ ಅಳತೆಯಲ್ಲಿ 8ನೇ ನಂಬರ್ 2.2 ಮಿಲಿಮೀಟರ್, ಒಂದು ಔನ್ಸಿಗೆ 450 ಚರೆ. 6ನೇ ನಂಬರ್ 2.6 ಮಿಲಿಮೀಟರ್, 270 ಚರೆ. 4ನೇ ನಂಬರ್ 3.1 ಮಿಲಿಮೀಟರ್, 170 ಚರೆ. ಬಿಬಿ 4.1 ಮಿಲಿಮೀಟರ್, 70 ಚರೆ. ಎಸ್‌ಜಿ ಅಂದರೆ 8.4 ಮಿಲಿಮೀಟರ್, ಔನ್ಸಿಗೆ ಎಂಟೇ. ಎಲ್‌ಜಿ ಇನ್ನೂ ದಪ್ಪ, ಔನ್ಸಿಗೆ ಆರು. ಅಮೆರಿಕದ ನಂಬರುಗಳು ಇದಕ್ಕೆ ಸರಿಹೊಂದುವುದಿಲ್ಲ, ಅಲ್ಲಿಯ 6 ನಮ್ಮ 6ಕ್ಕಿಂತ ದಪ್ಪ. ಯೂಟ್ಯೂಬಿನಲ್ಲಿ ನೋಡಿ ನಂಬರ್ ಹೇಳುವವರು ಇದನ್ನು ನೆನಪಿಡಬೇಕು. ಬೆದರಿಸಲು ಗಾಳಿಯಲ್ಲಿ ಹಾರಿಸುವವರಿಗೆ ಎಲ್‌ಜಿ, ಎಸ್‌ಜಿ ಯಾಕೆ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ಅಂಥ ದಪ್ಪ ಗುಂಡು ಎಲ್ಲಿಗೋ ಹೋಗಿ ಬೀಳುತ್ತದೆ. ಪಕ್ಕದ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದ ಮೇಲಿರಬಹುದು.

ಒಂದೇ ಗುಂಡಿನ ತೋಟೆಯೂ ಸಿಗುತ್ತದೆ. ನಳಿಗೆಯ ಮೇಲೆ ಇಂಗ್ಲಿಷಿನಲ್ಲಿ 'ನಾಟ್ ಫಾರ್ ಬಾಲ್' ಅಂತಿದ್ದರೆ ಅದರ ಬಾಯಿ ಕಿರಿದು. ಅದಕ್ಕೆ ಒಂಟಿ ಗುಂಡು ಹಾಕಲೇಬಾರದು.

ಇಪ್ಪತ್ತು ಬೋರಿನ ತೋಟೆ ಮನೆಯಲ್ಲಿ ಇದೆಯಾ?

ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬರದು ಹನ್ನೆರಡು, ಒಬ್ಬರದು ಇಪ್ಪತ್ತು ಬೋರು ಇರುವುದುಂಟು. ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿಡುವ ಅಭ್ಯಾಸ ಇವತ್ತೇ ಬಿಡಿ. ಹನ್ನೆರಡರ ಚೇಂಬರ್‌ಗೆ ಇಪ್ಪತ್ತರ ತೋಟೆ ಹಾಕಿದರೆ ಅದು ಜಾರಿ ಮುಂದೆ ಹೋಗಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಇದ್ದ ಹಾಗೆಯೇ ಕಾಣುತ್ತದೆ. ಅವಸರದಲ್ಲಿ ಅದರ ಹಿಂದೆ ಹನ್ನೆರಡರ ತೋಟೆ ಹಾಕಿ ಹಾರಿಸಿದರೆ ನಳಿಗೆ ಒಡೆಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದಲ್ಲೇ. ಇದಕ್ಕಾಗಿಯೇ ಇಪ್ಪತ್ತು ಬೋರಿನ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಬಂದಿದೆ. ಆದರೆ ಬಣ್ಣವನ್ನೇ ನಂಬಬೇಡಿ, ಬುಡದ ಮೇಲಿನ ಅಂಕಿ ಓದಿ.

ಮಳೆಗಾಲ

ಘಟ್ಟದ ಮೇಲಾದರೆ ತೇವ. ಕರಾವಳಿಯಲ್ಲಿ ತೇವದ ಜೊತೆ ಉಪ್ಪುಗಾಳಿ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಕಿಟಕಿಯ ಸರಳೇ ವರ್ಷದೊಳಗೆ ಸಿಪ್ಪೆ ಏಳುತ್ತದೆ, ಕೋವಿಯ ಗತಿ ಕೇಳಬೇಕಾ?

ತೋಟೆಗಳಲ್ಲಿ ಹಳೆಯವು ಕಾಗದದ ಕೊಳವೆಯವು. ಅವು ತೇವ ಹೀರಿ ಉಬ್ಬುತ್ತವೆ. ಚೇಂಬರ್‌ಗೆ ಅರ್ಧ ಹೋಗಿ ನಿಲ್ಲುತ್ತವೆ. ಆಗ ಹೆಬ್ಬೆರಳಲ್ಲಿ ಒತ್ತುವುದು, ಕೋವಿಯನ್ನು ಜೋರಾಗಿ ಮುಚ್ಚುವುದು ಯಾವುದೂ ಬೇಡ. ಅಂಥ ತೋಟೆಯನ್ನು ಬಿಸಿಲಿಗೆ ಇಟ್ಟು ಸರಿಮಾಡುತ್ತೇನೆ ಅಂತಲೂ ಹೊರಡಬೇಡಿ. ಈಗಿನ ಪ್ಲಾಸ್ಟಿಕ್ ಕೊಳವೆ ಉಬ್ಬುವುದಿಲ್ಲ. ಆದರೆ ಮಡಚಿದ ಬಾಯಿಯ ಸಂದಿಯಿಂದಲೂ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪಿನ ಅಂಚಿನಿಂದಲೂ ತೇವ ಒಳಗೆ ಹೋಗಬಹುದು. ಮದ್ದು ಮೆತ್ತಗಾದರೆ ಈಡು ಸಪ್ಪಗಾಗುತ್ತದೆ. ಢಂ ಅನ್ನುವ ಬದಲು ಪುಸ್ ಅಂದರೆ ಎರಡನೇ ಈಡು ಹಾಕಲೇಬೇಡಿ. ವ್ಯಾಡ್ ನಳಿಗೆಯ ನಡುವೆ ನಿಂತಿರಬಹುದು. ಕೋವಿ ಖಾಲಿ ಮಾಡಿ, ನಳಿಗೆಯ ಮೂಲಕ ಬೆಳಕು ನೋಡಿ, ಆಮೇಲೆ ಮುಂದಿನ ಮಾತು.

ಬುಡವನ್ನೂ ನೋಡಿ. ಹಿತ್ತಾಳೆಯಾದರೆ ಹಸಿರು ಕಿಲುಬು, ಕಬ್ಬಿಣದ್ದಾದರೆ ಕೆಂಪು ತುಕ್ಕು. ಬಟ್ಟೆಯಲ್ಲಿ ಒರೆಸಿದರೆ ಹೋಗುವ ಮಾಸಲು ಪರವಾಗಿಲ್ಲ. ಉಗುರಿಗೆ ಒರಟಾಗಿ ತಾಗಿದರೆ, ಕೇಪಿನ ಸುತ್ತ ಹಸಿರು ಕಟ್ಟಿದ್ದರೆ ಬೇಡ. ಅಂಥದ್ದನ್ನು ಹೊಳೆಗೆ ಎಸೆಯುವುದು, ಒಲೆಗೆ ಹಾಕುವುದು ಮಾಡಬೇಡಿ. ಲೆಕ್ಕ ಹೇಳಿ ಅಂಗಡಿಯವರಿಗೋ ಠಾಣೆಗೋ ಕೊಡುವ ದಾರಿ ಕೇಳಿ.

ಇಡುವುದು ಎಲ್ಲಿ? ಹೊಗೆ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ. ಅಡಿಕೆ ಡ್ರೈಯರ್ ಪಕ್ಕದ ಕೋಣೆಯಲ್ಲಿ ಇಡುವವರೂ ಇದ್ದಾರೆ. ಎರಡೂ ಬೇಡ. ಬಿಸಿಗೂ ಮದ್ದಿಗೂ ಆಗಿಬರುವುದಿಲ್ಲ, ಹೊಗೆ ಲೋಹವನ್ನು ತಿನ್ನುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೀಗ ಇರುವ ಕಪಾಟಿನಲ್ಲಿ ಇಡಿ. ಸಿಲಿಕಾ ಜೆಲ್ ಬಣ್ಣ ಬದಲಿಸುವ ಜಾತಿಯದ್ದಾದರೆ ಒದ್ದೆಯಾಗಿದ್ದು ಕಣ್ಣಿಗೇ ಕಾಣುತ್ತದೆ. ಕೋವಿಯನ್ನು ಬೇರೆ ಕಡೆ, ಅದೂ ಬೀಗದೊಳಗೆ. ಚರ್ಮದ ಚೀಲ, ಕಂಬಳಿ, ಗೋಣಿಯಲ್ಲಿ ಸುತ್ತಿ ಇಡಬೇಡಿ. ಅವು ನೀರು ಹೀರಿ ಕೋವಿಗೇ ತಾಗಿಸಿಕೊಂಡು ಕೂರುತ್ತವೆ.

ಎಣ್ಣೆ ವಿಚಾರ. ನಮ್ಮ ಕಡೆ ಎಲ್ಲಕ್ಕೂ ತೆಂಗಿನೆಣ್ಣೆ. ಕೋವಿಗೆ ಬೇಡ, ಅದು ನಾಳೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಕೀಲು ಜಾಮ್ ಆಗುತ್ತದೆ. ಕೋವಿಯ ಎಣ್ಣೆಯೇ ಆಗಬೇಕು. ತುರ್ತಿಗೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಗಜದ ಕೋಲಿಗೆ ಒಣ ಬಟ್ಟೆ ಸುತ್ತಿ ನಳಿಗೆ ಒರೆಸಿ, ಆಮೇಲೆ ಎಣ್ಣೆ ಬಟ್ಟೆ. ತೆಳ್ಳಗೆ ಸಾಕು. ಚೇಂಬರ್‌ನಲ್ಲಿ ಎಣ್ಣೆ ನಿಲ್ಲಬಾರದು, ಹಾರಿಸುವ ಮೊದಲು ಅದನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಕೇಪಿನ ಕೋವಿಯವರು ಮಾತ್ರ ಮೊದಲು ಬಿಸಿನೀರಲ್ಲಿ ತೊಳೆಯಬೇಕು. ಕರಿಮದ್ದಿನ ಮಸಿ ಉಪ್ಪಿನ ಜಾತಿ, ಗಾಳಿಯ ತೇವ ಹೀರುತ್ತದೆ, ಎಣ್ಣೆಗೆ ಅದು ಜಗ್ಗುವುದಿಲ್ಲ. ತೊಳೆದು ಪೂರ್ತಿ ಒಣಗಿಸಿ ಎಣ್ಣೆ.

ಖಾಲಿ ತೋಟೆಗೆ ಮತ್ತೆ ಮದ್ದು?

ಈ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದಲ್ಲಿರುವ ಅಳಿಯನೋ ಭಾವನ ಮಗನೋ ರೈಫಲ್ ತೋಟೆಯನ್ನು ಮನೆಯಲ್ಲೇ ತುಂಬುತ್ತಾನೆ, ನಾವು ಯಾಕೆ ಮಾಡಬಾರದು ಅಂತ.

ಅಲ್ಲಿ ಅದಕ್ಕೊಂದು ಸಾಮಾನಿದೆ. ಈಡು ಹಾರಿದಾಗ ಹಿತ್ತಾಳೆಯ ತೋಟೆ ಉಬ್ಬಿ ಚೇಂಬರ್ ಗೋಡೆಗೆ ಒತ್ತಿಕೊಳ್ಳುತ್ತದೆ. ಆಮೇಲೆ ಚೂರು ಕುಗ್ಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಅದನ್ನು ಒಂದು ಗಟ್ಟಿ ಉಕ್ಕಿನ ಅಚ್ಚಿನೊಳಗೆ ಒತ್ತಿ ಸಣ್ಣದು ಮಾಡುತ್ತಾರೆ. ಆ ಅಚ್ಚಿಗೆ ಸೈಜಿಂಗ್ ಡೈ ಅಂತ ಹೆಸರು. ಪೂರ್ತಿ ಮೈಯನ್ನು ಒತ್ತುವ ಡೈ ಇದೆ, ಕುತ್ತಿಗೆಯನ್ನಷ್ಟೇ ಒತ್ತುವ ಡೈ ಇದೆ. ಕುತ್ತಿಗೆ ಮಾತ್ರ ಒತ್ತಿದ ತೋಟೆ ತಾನು ಉಬ್ಬಿದ ಅದೇ ರೈಫಲ್‌ಗೆ ಸರಿ, ಬೇರೆಯದಕ್ಕೆ ಹೋಗದಿರಬಹುದು. ತಾನಾಗಿಯೇ ಮುಂದಿನ ತೋಟೆ ಎಳೆದುಕೊಳ್ಳುವ ರೈಫಲ್ ಆದರೆ ಪೂರ್ತಿ ಮೈ ಒತ್ತಲೇಬೇಕು. ಒತ್ತುವ ಮೊದಲು ಜಾರುವ ಎಣ್ಣೆ ಹಚ್ಚದಿದ್ದರೆ ತೋಟೆ ಡೈಯಲ್ಲೇ ಕಚ್ಚಿಕೊಳ್ಳುತ್ತದೆ. ಡೈ ಕೊಳ್ಳುವಾಗ ಅವರು ಕೇಳಿಕೊಳ್ಳುವ ಮೊದಲ ಪ್ರಶ್ನೆಯೂ ನಾವು ಮೇಲೆ ನೋಡಿದ್ದೇ: ಈ ತೋಟೆ ಯಾವ ಚೇಂಬರ್‌ಗೆ?

ನಮ್ಮಲ್ಲಿ ಕತೆ ಬೇರೆ. ತೋಟೆ ತಯಾರಿಕೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಯ ಪುಸ್ತಕ ಹಿಡಿದು ಮನೆಯಲ್ಲಿ ತೋಟೆ ತುಂಬಿದರೆ ಅದು ಅಪರಾಧ, 2019ರ ನಂತರ ಶಿಕ್ಷೆ ಏಳು ವರ್ಷದಿಂದ ಶುರು. ಕಾನೂನು ಬದಿಗಿಟ್ಟರೂ, ಒಮ್ಮೆ ಹಾರಿದ ಪ್ಲಾಸ್ಟಿಕ್ ತೋಟೆಗೆ ಕೇಪಿನ ಕೋವಿಯ ಮದ್ದನ್ನು ಅಂದಾಜಿನಲ್ಲಿ ಸುರಿಯುವುದು ಕೈಯಾರೆ ಮಾಡಿಕೊಳ್ಳುವ ಅನಾಹುತ. ಖಾಲಿ ತೋಟೆ ಮಕ್ಕಳ ಕೈಗೂ ಕೊಡಬೇಡಿ, ಪೀಪಿ ಊದಲೂ ಬೇಡ. ಸೀಸದ ಮಸಿ ಇರುತ್ತದೆ.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ

ತಕ್ಷಣ ಕೋವಿ ಮುರಿಯಬೇಡಿ. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದುಕೊಂಡು ಅರ್ಧ ನಿಮಿಷವಾದರೂ ಸುಮ್ನೆ ನಿಲ್ಲಿ. ತೇವ ಹಿಡಿದ ತೋಟೆ ತಡವಾಗಿ ಹಾರುವುದುಂಟು. ಆಮೇಲೆ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ತೆರೆಯಿರಿ. ಆ ತೋಟೆಯನ್ನು ಇನ್ನೊಮ್ಮೆ ಹಾಕಿ ನೋಡುವ ಆಸೆ ಬೇಡ.

ಚುನಾವಣೆ ಬಂದಾಗ

ನೀತಿಸಂಹಿತೆ ಬಂದ ಕೂಡಲೇ ಕೋವಿಯನ್ನು ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಂದರೆ ಕೋವಿ ಕೈಗೆ ಬರುವಷ್ಟರಲ್ಲಿ ಮಳೆಗಾಲ ಬಾಗಿಲಿಗೆ ಬಂದಿರುತ್ತದೆ. ತೋಟಕ್ಕೆ ಮಂಗ, ಹಂದಿಯ ಕಾಟ ಇದೆ ಅಂತ ವಿನಾಯಿತಿಗೆ ಅರ್ಜಿ ಕೊಡುವುದಾದರೆ ಆದೇಶ ಬಂದ ದಿನವೇ ಕೊಡಿ.

ಒಪ್ಪಿಸಲೇಬೇಕಾದರೆ ಹಿಂದಿನ ದಿನ ನಳಿಗೆಗೆ ಮಾಮೂಲಿಗಿಂತ ದಪ್ಪವಾಗಿ ಎಣ್ಣೆ ಕೊಡಿ. ಹೆಸರು, ಕೋವಿಯ ನಂಬರು ಬರೆದ ಚೀಟಿ ಕಟ್ಟಿ. ರಶೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿ, ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ವಾಪಸ್ ತಂದ ದಿನ ಮೊದಲು ಖಾಲಿ ಇದೆಯಾ ನೋಡಿ, ನಳಿಗೆಯೊಳಗೆ ಟಾರ್ಚ್ ಬಿಟ್ಟು ತುಕ್ಕಿನ ಚುಕ್ಕಿ ಹುಡುಕಿ. ಆ ದಪ್ಪ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯದೆ ತೋಟೆ ಹಾಕಬೇಡಿ.